ಇಲ್ಲದ ಮನೆಯೊಂದರ ಲೆಕ್ಕ

ಹನ್ನೊಂದು ವರ್ಷ ಹಡಗಿನ ಅಡುಗೆಮನೆಯಲ್ಲಿದ್ದೆ.
ತುರ್ಕುವಿನಿಂದ ಸ್ಟಾಕ್‌ಹೋಮ್, ಸ್ಟಾಕ್‌ಹೋಮಿನಿಂದ ತುರ್ಕು,
ರಾತ್ರಿಯೊಂದಕ್ಕೆ ಎರಡು ಸಾವಿರ ಹೊಟ್ಟೆ.
ಈಗ ಯೊಎನ್ಸೂವಿನ ಈ ತರಬೇತಿ ಶಾಲೆಯಲ್ಲಿ
ಹದಿನಾರು ಮಕ್ಕಳು, ನಾಲ್ಕು ಒಲೆ,
ಒಂದು ಬಿಳಿ ಸಾಸು.
ಕೈ ನಡುಗುತ್ತದೆ.

ಹಿಂದಿನ ಬೆಂಚಿನಲ್ಲಿ ಕ್ಯುಲ್ಲಿಕ್ಕಿ,
ಮಡಿಲಲ್ಲಿ ನೀಲಿ ನೋಟುಬುಕ್ಕು.
ಸಾಸು ಗಂಟಾದರೆ ಅವರು ಬರೆಯುವುದಿಲ್ಲ.
ಗಂಟಾದ ಸಾಸನ್ನು ಮಗುವಿನ ಕೈಯಿಂದ ಕಸಿದು
ನಾನು ಸರಿಮಾಡಿಕೊಟ್ಟರೆ ಬರೆಯುತ್ತಾರೆ.
‘ನಿಮ್ಮ ಕೈಗೆ ಎಲ್ಲ ಗೊತ್ತು ಅನ್ನೋದು ನಮಗೂ ಗೊತ್ತು.
ಬೆನ್ನ ಹಿಂದೆ ಕಟ್ಟಿಕೊಳ್ಳಿ ಅದನ್ನ.’
ಅಂದಿನಿಂದ ಕಟ್ಟಿಕೊಂಡೇ ನಿಲ್ಲುತ್ತೇನೆ
ಶಿಕ್ಷೆಗೆ ನಿಂತ ಹುಡುಗನ ಹಾಗೆ.
ಎಲ್ಮೆರಿಯ ಹಾಲು ಉಕ್ಕುತ್ತದೆ.
ಉಕ್ಕಲಿ.

ಸಂಜೆ ವಿಶ್ವವಿದ್ಯಾಲಯದಲ್ಲಿ ಬೇರೆ ಪಾಠ:
ನಾರಿನಂಶ, ಗ್ರಾಹಕರ ಕಾನೂನು,
ಉಣ್ಣೆಯನ್ನು ಎಷ್ಟು ಡಿಗ್ರಿಯಲ್ಲಿ ಒಗೆಯಬೇಕು.
ಪರೀಕ್ಷೆಯ ಹಿಂದಿನ ರಾತ್ರಿ ಓದುವ ಭರದಲ್ಲಿ
ಇದ್ದ ಒಂದೇ ಸ್ವೆಟರನ್ನು ಅರವತ್ತರಲ್ಲಿ ತಿರುಗಿಸಿ
ಗೊಂಬೆಗೆ ಹೊಂದುವಷ್ಟು ಮಾಡಿದೆ.
ಆ ಪ್ರಶ್ನೆಗೆ ಮಾತ್ರ
ಪೂರ್ತಿ ಅಂಕ ಬಂತು.

ನವೆಂಬರಿನ ಕೊನೆ. ಮೂರು ಗಂಟೆಗೇ ಕಿಟಕಿ ಕಪ್ಪು.
ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದನ್ನೇ
ನಾಲ್ಕು ಗೆರೆ ಎಳೆದು ಹಾಳೆಯಾಗಿಸಿ ಹಂಚಿದೆ:
ಬಾಡಿಗೆ, ಊಟ, ಬಸ್ಸು, ಬಟ್ಟೆ.
‘ನಿಮ್ಮ ನಿಮ್ಮ ಮನೆಯ ಒಂದು ವಾರದ್ದು ಬರೆಯಿರಿ.’
ಪೆನ್ಸಿಲ್ಲುಗಳು ಓಡಿದವು.
ಸೈಮಿ ಮಾತ್ರ ಹಾಳೆ ಮಗುಚಿಟ್ಟು
ಆಗಲೇ ಒರೆಸಿದ್ದ ಮೇಜನ್ನು
ಮತ್ತೆ ಒರೆಸತೊಡಗಿದಳು,
ಗಂಟೆ ಹೊಡೆಯುವವರೆಗೂ.

ಕ್ಯುಲ್ಲಿಕ್ಕಿ ಅಂದು ಬರೆದದ್ದು ಎರಡೇ ಸಾಲು.
ಹರಿದು ಕೈಗಿಟ್ಟರು:
ಮಕ್ಕಳ ಮನೆಯ ಬಾಗಿಲು ತಟ್ಟಬೇಡಿ.
ಇಲ್ಲದ ಮನೆಯೊಂದನ್ನು ಕಟ್ಟಿ.

ಕಟ್ಟಿದೆ. ಹ್ಯೂರುಲಾ ಎಂದು ಹೆಸರಿಟ್ಟೆ.
ತಾಯಿ ಬಸ್ಸು ಓಡಿಸುವವಳು, ಸಕ್ಕರೆ ಕಾಯಿಲೆಯ ಅಜ್ಜ,
ಮಗ ಒಬ್ಬ, ಮಗಳು ಒಬ್ಬಳು.
ಮಕ್ಕಳು ಹಟ ಹಿಡಿದದ್ದಕ್ಕೆ ಕುಂಟು ನಾಯಿ.
ಬಾಡಿಗೆ ಕಳೆದು ವಾರಕ್ಕೆ ಇನ್ನೂರ ಹತ್ತು ಯೂರೋ.
ತರಗತಿ ಸಂತೆಯಾಯಿತು.
ಅಜ್ಜನ ದೋಣಿ ಮಾರಿ ಎಂದ ಎಲ್ಮೆರಿ,
ಅಜ್ಜನನ್ನು ಕೇಳಿದ್ದೀಯಾ ಎಂದಳು ಇನ್ನೊಬ್ಬಳು,
ನಾಯಿಯ ಔಷಧಿಗೆ ಕೈ ಹಾಕಲು ಯಾರೂ ಬಿಡಲಿಲ್ಲ.
ಆ ಗದ್ದಲದ ನಡುವೆ ಸೈಮಿ ಎದ್ದು
ಹಲಗೆಯ ಮೂಲೆಯಲ್ಲಿ ಸಣ್ಣಗೆ ಬರೆದಳು:
ಮಗಳ ಕೋಣೆಗೆ ಒಳಚಿಲಕ. ಹನ್ನೆರಡು ಯೂರೋ.

‘ಚಿಲಕ ಯಾಕೆ?’
‘ಬೇಕು ಅವಳಿಗೆ.’

ಯಾರೂ ವಾದಿಸಲಿಲ್ಲ.
ಹನ್ನೆರಡು ಹೊಂದಿಸಲು ಕಾಫಿ ಕಡಿಮೆ ಮಾಡಿದರು.
ಈ ದೇಶದಲ್ಲಿ ಕಾಫಿ ಬಿಡುವುದೆಂದರೆ
ಸಣ್ಣ ಮಾತಲ್ಲ.
ಬೆನ್ನ ಹಿಂದೆ ನನ್ನ ಒಂದು ಕೈ
ಇನ್ನೊಂದನ್ನು ಗಟ್ಟಿಯಾಗಿ ಹಿಡಿದಿತ್ತು.
ಹಿಂದಿನ ಬೆಂಚಿನಲ್ಲಿ ನೋಟುಬುಕ್ಕು ಮುಚ್ಚಿದ ಸದ್ದು.

ಗಂಟೆಯಾದ ಮೇಲೆ ಇಬ್ಬರೂ ನಡೆದೆವು,
ಉದ್ದ ಕಾರಿಡಾರಿನ ಕೊನೆಗೆ,
ಶಾಲೆಯ ಸಮಾಜಸೇವಕಿಯ ಕೋಣೆಗೆ.
ಅಲ್ಲಿ ಆಡಿದ ಮಾತು ಪದ್ಯಕ್ಕೆ ಸೇರಿದ್ದಲ್ಲ.
ಯಾವ ಪಠ್ಯದಲ್ಲೂ ಇರದ ಒಂದು ಫಾರಂ,
ಅದರ ಕೆಳಗೆ ಮೊದಲ ಸಲ
‘ಶಿಕ್ಷಕ’ ಎಂದು ಬರೆದು ಸಹಿ ಹಾಕಿದೆ.
ಇನ್ನೂ ಆಗಿರಲಿಲ್ಲ.

ಡಿಸೆಂಬರಿನಲ್ಲಿ ಕರೇಲಿಯಾದ ಕಡುಬು.
ರೈ ಹಿಟ್ಟಿನ ಹಾಳೆ, ಮೇಲೆ ಅಕ್ಕಿಯ ಗಂಜಿ,
ಅಂಚು ಮಾತ್ರ ಮಡಿಸಿ ಚಿವುಟಬೇಕು, ನಡು ತೆರೆದಿರಬೇಕು.
ಹಡಗಿಗೆ ಇವು ಮಂಜುಗಟ್ಟಿ ಪೆಟ್ಟಿಗೆಯಲ್ಲಿ ಬರುತ್ತಿದ್ದವು.
ನನ್ನದು ಬಾಯಿ ಬಿಟ್ಟು ಗಂಜಿ ಸುರಿಸಿತು.
ವಾರಗಟ್ಟಲೆ ಬಾರದೆ ಆಗಷ್ಟೇ ಮರಳಿದ್ದ ಸೈಮಿ
ಪಕ್ಕದ ಮೇಜಿನಿಂದ ನೋಡಿದಳು, ತಡೆಯಲಾರದೆ ಬಂದಳು.
‘ಓಪೆ, ಬಿಡಿ ಇತ್ಲಾಗೆ’ ಎಂದು
ನನ್ನ ಕೈಯಿಂದ ಕಸಿದುಕೊಂಡು
ಹಿಟ್ಟಿನ ಬೆರಳುಗಳಿಂದ ಚಿವುಟತೊಡಗಿದಳು,
ಒಂದೊಂದೇ ನೆರಿಗೆ, ಅವಸರವಿಲ್ಲದೆ.

ಕ್ಯುಲ್ಲಿಕ್ಕಿ ಅದನ್ನು ಬರೆದುಕೊಂಡರೋ ಏನೋ,
ನಾನು ತಿರುಗಿ ನೋಡಲಿಲ್ಲ.